ದಡ್ಡರ ಟೋಪಿಗೆ ಹೆಸರು ಕೊಟ್ಟ ಮಹಾಪಂಡಿತ

ಇಂಗ್ಲಿಷ್ ಕಲಿತವರೆಲ್ಲ 'ಡನ್ಸ್' ಎಂಬ ಪದವನ್ನು ಒಂದಲ್ಲ ಒಂದು ಕಡೆ ಕೇಳಿಯೇ ಇರುತ್ತಾರೆ. ಪಾಠ ತಲೆಗೆ ಹತ್ತದ ವಿದ್ಯಾರ್ಥಿ, ಮಂದಬುದ್ಧಿಯವನು, ಶತದಡ್ಡ ಎಂಬುದು ಅದರ ಅರ್ಥ. ಹಳೆಯ ಇಂಗ್ಲಿಷ್ ಚಿತ್ರಪುಸ್ತಕಗಳಲ್ಲಿ ತರಗತಿಯ ಮೂಲೆಯ ಮುಕ್ಕಾಲಿಯ ಮೇಲೆ, ಕಾಗದದ ಚೂಪು ಟೋಪಿ ಧರಿಸಿ, ಗೋಡೆಗೆ ಮುಖ ಮಾಡಿ ಕುಳಿತ ಹುಡುಗನೊಬ್ಬ ಕಾಣಸಿಗುತ್ತಾನೆ. ಆ ಟೋಪಿಗೂ ಇದೇ ಹೆಸರು.

ಆದರೆ ಈ ಪದ ಹುಟ್ಟಿದ್ದು ಯಾವುದೋ ದಡ್ಡನಿಂದಲ್ಲ. ಮಧ್ಯಯುಗದ ಐರೋಪ್ಯ ವಿದ್ವತ್ತಿನ ಶಿಖರಗಳಲ್ಲಿ ಒಬ್ಬರೆನಿಸಿದ, 'ಸೂಕ್ಷ್ಮಮತಿ ಆಚಾರ್ಯ' ಎಂಬ ಬಿರುದು ಪಡೆದಿದ್ದ ಕ್ಯಾಥೊಲಿಕ್ ದೈವಶಾಸ್ತ್ರಜ್ಞ ಜಾನ್ ಡನ್ಸ್ ಸ್ಕಾಟಸ್ ಅವರ ಹೆಸರೇ ಸವೆದು ಸವೆದು ಬೈಗುಳವಾಗಿ ಉಳಿದಿದೆ. ಬರೆಯುವಾಗ ಕಾಗುಣಿತ ಬದಲಾಗಿದೆ. ಉಚ್ಚಾರಣೆ ಮಾತ್ರ ಹಾಗೆಯೇ ಇದೆ. ಕನ್ನಡದಲ್ಲಿ ಬರೆದರಂತೂ ಪಂಡಿತನಿಗೂ ದಡ್ಡನಿಗೂ ಒಂದೇ ಅಕ್ಷರಗಳು.

ಅವರ ಹೆಸರನ್ನು ಹೊತ್ತಿರುವುದು ಈ ಬೈಗುಳವೊಂದೇ ಅಲ್ಲ. ತರ್ಕಶಾಸ್ತ್ರದ ಒಂದು ನಿಯಮ, ಗಣಿತದ ಒಂದು ವಿಚಿತ್ರ ಆಕೃತಿ, ಒಂದು ತತ್ತ್ವಪಂಥ, ಅಮೆರಿಕದ ಒಂದು ಪ್ರೌಢಶಾಲೆ, ಈಗ ಮುಚ್ಚಿಹೋಗಿರುವ ಒಂದೆರಡು ಗುರುಕುಲಗಳು, ಪೋಪ್ ಕವಿಯ ವಿಡಂಬನಕಾವ್ಯ, ಅಮೆರಿಕನ್ ಕಾದಂಬರಿಯೊಂದರ ಶೀರ್ಷಿಕೆ ಇವೆಲ್ಲ ನೇರವಾಗಿಯೋ ಬಳಸುದಾರಿಯಲ್ಲಿಯೋ ಆ ಒಂದು ಹೆಸರಿಗೇ ಬಂದು ಸೇರುತ್ತವೆ. ವಿಶೇಷವೆಂದರೆ, ಇವುಗಳಲ್ಲಿ ಹಲವಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ.

ಊರ ಹೆಸರೇ ಮನುಷ್ಯನ ಹೆಸರು

ಕುಪ್ಪಳಿ, ಧಾರವಾಡ, ಬಸವನಗುಡಿ ಎಂದು ಊರು-ಬಡಾವಣೆಗಳನ್ನು ಹೆಸರಿಗೆ ಅಂಟಿಸಿಕೊಳ್ಳುವುದು ಕನ್ನಡಿಗರಿಗೆ ಹೊಸದಲ್ಲ. ಮಧ್ಯಯುಗದ ಯುರೋಪಿನಲ್ಲಿಯೂ ಅದೇ ರೂಢಿ. ಸ್ಕಾಟ್ಲೆಂಡಿನ ದಕ್ಷಿಣ ಗಡಿಭಾಗದ ಬೆರಿಕ್‌ಶೈರ್‌ನಲ್ಲಿರುವ ಡನ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಜಾನ್ ಹುಟ್ಟಿದ್ದು 1266ರ ಸುಮಾರಿಗೆ ಎಂದು ಅಂದಾಜಿಸಲಾಗಿದೆ. 'ಸ್ಕಾಟಸ್' ಎಂದರೆ ಲ್ಯಾಟಿನ್‌ನಲ್ಲಿ ಸ್ಕಾಟ್ಲೆಂಡಿನವನು. ಹೀಗಾಗಿ ಅವರ ಪೂರ್ಣ ಹೆಸರಿನಲ್ಲಿ ಅವರದೇ ಎನ್ನಬಹುದಾದದ್ದು 'ಜಾನ್' ಮಾತ್ರ. ಉಳಿದದ್ದೆಲ್ಲ ಊರು ಮತ್ತು ನಾಡು. ಮುಂದೆ ಬೈಗುಳವಾಗಿ ಮಾರ್ಪಟ್ಟದ್ದು ನಿಜವಾಗಿ ನೋಡಿದರೆ ಆ ಬಡಪಾಯಿ ಊರಿನ ಹೆಸರು.

ಈ 'ಸ್ಕಾಟಸ್' ಎಂಬ ಭಾಗವೂ ತಂಟೆಯಿಲ್ಲದ್ದಲ್ಲ. ಅದಕ್ಕೂ ಹಿಂದಿನ ಶತಮಾನಗಳಲ್ಲಿ 'ಸ್ಕಾಟಸ್' ಎಂದರೆ ಐರ್ಲೆಂಡಿನವನು ಎಂಬ ಅರ್ಥವಿತ್ತು. 9ನೇ ಶತಮಾನದಲ್ಲಿದ್ದ ಜೋಹಾನೆಸ್ ಸ್ಕಾಟಸ್ ಎರಿಯುಜಿನಾ ಎಂಬ ಐರಿಷ್ ತತ್ತ್ವಜ್ಞಾನಿ ಬೇರೆಯೇ ವ್ಯಕ್ತಿ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಒಂದನೇ ನಾಗವರ್ಮ, ಎರಡನೇ ನಾಗವರ್ಮ ಎಂದು ಬೇರ್ಪಡಿಸಿಕೊಳ್ಳುವಂತೆ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಈ ಇಬ್ಬರು ಸ್ಕಾಟಸರನ್ನು ಬೇರ್ಪಡಿಸಿಕೊಳ್ಳಬೇಕಾಗುತ್ತದೆ. ಐರ್ಲೆಂಡ್ 1976ರಲ್ಲಿ ಹೊರತಂದ ಐದು ಪೌಂಡ್ ನೋಟಿನ ಮೇಲೆ ಮುದ್ರಿಸಿದ್ದು ಎರಿಯುಜಿನಾ ಅವರನ್ನು, ಡನ್ಸ್ ಸ್ಕಾಟಸರನ್ನಲ್ಲ. ಆದರೂ 17ನೇ ಶತಮಾನದ ಐರಿಷ್ ಫ್ರಾನ್ಸಿಸ್ಕನ್ ವಿದ್ವಾಂಸರು ಡನ್ಸ್ ಸ್ಕಾಟಸ್ ಕೂಡ ತಮ್ಮವರೇ ಎಂದು ಹಟ ಹಿಡಿದದ್ದುಂಟು. ಇಂಗ್ಲೆಂಡಿನವರೂ ಹಿಂದೆ ಬೀಳಲಿಲ್ಲ. ಅತ್ತ ಹೆಸರನ್ನು ಬೈಗುಳವಾಗಿ ಬಳಸುತ್ತಲೇ ಇತ್ತ ಆ ಮನುಷ್ಯ ನಮ್ಮವನೆಂದು ಮೂರು ನಾಡುಗಳು ಜಗಳವಾಡಿದ ಪ್ರಸಂಗವಿದು.

ಎಳೆಯ ವಯಸ್ಸಿನಲ್ಲಿಯೇ ಫ್ರಾನ್ಸಿಸ್ಕನ್ ಸಂನ್ಯಾಸಿ ಸಂಘವನ್ನು ಸೇರಿದ ಜಾನ್, 1291ರ ಮಾರ್ಚ್ 17ರಂದು ಇಂಗ್ಲೆಂಡಿನ ನಾರ್ತಾಂಪ್ಟನ್‌ನಲ್ಲಿ ಗುರುದೀಕ್ಷೆ ಪಡೆದರು. ಅವರ ಬದುಕಿನ ಬಗ್ಗೆ ಖಚಿತವಾಗಿ ದೊರೆಯುವ ಕೆಲವೇ ದಿನಾಂಕಗಳಲ್ಲಿ ಇದೂ ಒಂದು. ಆಕ್ಸ್‌ಫರ್ಡ್‌ನಲ್ಲಿ ಓದಿ, ಪಾಠ ಹೇಳಿ, ಬಳಿಕ ಪ್ಯಾರಿಸ್ಸಿಗೆ ತೆರಳಿದರು.

ಪ್ಯಾರಿಸ್ಸಿನಲ್ಲಿ ಅವರಿಗೆ ಎದುರಾದದ್ದು ತತ್ತ್ವದ ಪ್ರಶ್ನೆಯಲ್ಲ, ರಾಜಕೀಯದ ಪ್ರಶ್ನೆ. ಚರ್ಚಿನ ಆಸ್ತಿಯ ಮೇಲೆ ತೆರಿಗೆ ಹಾಕುವ ವಿಚಾರದಲ್ಲಿ ಫ್ರಾನ್ಸಿನ ದೊರೆ ನಾಲ್ಕನೇ ಫಿಲಿಪ್ ಹಾಗೂ ಪೋಪ್ ಎಂಟನೇ ಬೋನಿಫೇಸ್ ನಡುವೆ ವೈರ ಬೆಳೆದಿತ್ತು. 1303ರಲ್ಲಿ ದೊರೆಯ ಅಧಿಕಾರಿಗಳು ಪ್ಯಾರಿಸ್ಸಿನ ಮಠಕ್ಕೆ ಬಂದು, ನೀವು ದೊರೆಯ ಪರವೋ ಪೋಪರ ಪರವೋ ಎಂದು ಸಂನ್ಯಾಸಿಗಳನ್ನು ಕೇಳಿ ಹೆಸರು ಬರೆದುಕೊಂಡರು. ದೊರೆಗೆ ಒಪ್ಪದವರ ಪಟ್ಟಿಯಲ್ಲಿ ಸ್ಕಾಟಸರ ಹೆಸರೂ ಸೇರಿತು. ಮೂರು ದಿನಗಳೊಳಗೆ ದೇಶ ಬಿಡಬೇಕೆಂಬ ಆಜ್ಞೆಯಾಯಿತು. 1304ರಲ್ಲಿ ವಾತಾವರಣ ತಿಳಿಯಾದ ಮೇಲೆ ಮರಳಿ ಬಂದು ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಿದರು. 1307ರಲ್ಲಿ ಜರ್ಮನಿಯ ಕಲೋನ್ ನಗರಕ್ಕೆ ವರ್ಗವಾಯಿತು. ಮರುವರ್ಷ, 1308ರ ನವೆಂಬರ್ 8ರಂದು, ಸುಮಾರು 42ನೇ ವಯಸ್ಸಿಗೆ ಅಲ್ಲಿಯೇ ತೀರಿಕೊಂಡರು. ಬರೆದು ಮುಗಿಸಬೇಕೆಂದಿದ್ದ ಬೃಹದ್ಗ್ರಂಥ ಅರೆಬರೆಯಾಗಿಯೇ ಉಳಿಯಿತು.

ಸೂಕ್ಷ್ಮವೆಂದರೆ ಎಷ್ಟು ಸೂಕ್ಷ್ಮ?

ಸ್ಕಾಟಸರ ಬರವಣಿಗೆ ಸುಲಭದ್ದಲ್ಲ. ಒಂದು ಮಾತು ಹೇಳಿ, ಅದಕ್ಕೆ ಹತ್ತು ಆಕ್ಷೇಪ ಎತ್ತಿ, ಒಂದೊಂದು ಆಕ್ಷೇಪಕ್ಕೂ ನಾಲ್ಕು ಸಮಾಧಾನ ಹೇಳಿ, ಆ ಸಮಾಧಾನಗಳಲ್ಲಿಯೂ ಒಡಕು ಹುಡುಕುವ ಬಗೆ ಅವರದು. ನಮ್ಮ ನ್ಯಾಯ-ಮೀಮಾಂಸೆಗಳ ಪೂರ್ವಪಕ್ಷ-ಸಿದ್ಧಾಂತಗಳ ಪರಿಚಯವಿದ್ದವರಿಗೆ ಈ ಕ್ರಮ ಅಷ್ಟೇನೂ ಅಪರಿಚಿತ ಎನಿಸದು.

ಅವರ ಪ್ರಸಿದ್ಧ ವಿಚಾರಗಳಲ್ಲಿ ಒಂದನ್ನು ನೋಡಬಹುದು. ಒಂದೇ ಅಚ್ಚಿನಿಂದ ತೆಗೆದ ಎರಡು ಇಟ್ಟಿಗೆಗಳಿವೆ. ಒಂದೇ ಮಣ್ಣು, ಒಂದೇ ಬಣ್ಣ, ಒಂದೇ ತೂಕ. ಹಾಗಿದ್ದೂ ಇದು ಅದಲ್ಲ, ಅದು ಇದಲ್ಲ. ಏಕೆ? ಇರುವ ಜಾಗ ಬೇರೆ ಎನ್ನೋಣವೆಂದರೆ, ಜಾಗ ಅದಲುಬದಲು ಮಾಡಿದ ಮಾತ್ರಕ್ಕೆ ಈ ಇಟ್ಟಿಗೆ ಆ ಇಟ್ಟಿಗೆಯಾಗುವುದಿಲ್ಲ. ಮಣ್ಣಿನ ಕಣಗಳು ಬೇರೆ ಎನ್ನೋಣವೆಂದರೆ, ಆ ಕಣ ಈ ಕಣವಲ್ಲವೆನ್ನುವುದು ಯಾವುದರಿಂದ ಎಂದು ಅದೇ ಪ್ರಶ್ನೆ ಮತ್ತೆ ಏಳುತ್ತದೆ. ಪ್ರತಿಯೊಂದು ವಸ್ತುವಿನಲ್ಲಿಯೂ ಅದನ್ನು ಅದನ್ನಾಗಿಯೇ ಮಾಡುವ, ಬೇರೆ ಯಾವುದಕ್ಕೂ ಹಂಚಿಕೊಡಲಾಗದ ಒಂದು ಅಂಶವಿದೆ ಎಂಬುದು ಸ್ಕಾಟಸರ ಉತ್ತರ. ಲ್ಯಾಟಿನ್‌ನಲ್ಲಿ 'ಇದು' ಎಂಬರ್ಥದ ಪದದಿಂದ ಅದಕ್ಕೆ 'ಹೆಕ್ಸೈಟಾಸ್' ಎಂಬ ಹೆಸರು ಬಂತು. ಕನ್ನಡದಲ್ಲಿ 'ಇದುತನ' ಎನ್ನಬಹುದು. ಮನುಷ್ಯತ್ವ ಎಲ್ಲರಲ್ಲಿಯೂ ಸಮಾನ, ಆದರೆ ಒಬ್ಬೊಬ್ಬನ 'ಇದುತನ' ಅವನೊಬ್ಬನದೇ. ಇಂಗ್ಲಿಷ್ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್‌ಕಿನ್ಸ್ 1872ರಲ್ಲಿ ಸ್ಕಾಟಸರನ್ನು ಓದಿ ಮಾರುಹೋದದ್ದು, 1879ರಲ್ಲಿ 'ಡನ್ಸ್ ಸ್ಕಾಟಸರ ಆಕ್ಸ್‌ಫರ್ಡ್' ಎಂಬ ಸಾನೆಟ್ ಬರೆದದ್ದು ಇಂತಹ ವಿಚಾರಗಳಿಂದಾಗಿಯೇ. ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಕೂಡ ಸ್ಕಾಟಸರ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡವರು.

ಇನ್ನೊಂದು ವಿಚಾರ ಕರ್ನಾಟಕದ ಕ್ಯಾಥೊಲಿಕರಿಗೂ ಪರಿಚಿತವಾದದ್ದು. ಯೇಸುವಿನ ತಾಯಿ ಮರಿಯಾ ಗರ್ಭಸ್ಥಳಾದ ಗಳಿಗೆಯಿಂದಲೇ ಪಾಪಲೇಪವಿಲ್ಲದವಳು ಎಂಬ ನಂಬಿಕೆಗೆ ಕನ್ನಡ ಚರ್ಚುಗಳಲ್ಲಿ 'ಅಮಲೋದ್ಭವ' ಎನ್ನುತ್ತಾರೆ. ಡಿಸೆಂಬರ್ 8 ಅದರ ಹಬ್ಬ. ಇದನ್ನು ಥಾಮಸ್ ಅಕ್ವಿನಾಸ್ ಅವರಂತಹ ಘನ ವಿದ್ವಾಂಸರೇ ಒಪ್ಪಿರಲಿಲ್ಲ. ಎಲ್ಲರನ್ನೂ ಪಾಪದಿಂದ ಬಿಡಿಸುವವನು ಕ್ರಿಸ್ತ ಎಂದಾದರೆ, ಪಾಪವೇ ಇಲ್ಲದವಳಿಗೆ ಬಿಡುಗಡೆ ಎಲ್ಲಿಂದ ಎಂಬುದು ಅವರ ಆಕ್ಷೇಪ. ಬಿದ್ದವನನ್ನು ಎತ್ತುವುದಕ್ಕಿಂತ ಬೀಳದಂತೆ ಮೊದಲೇ ತಡೆಯುವುದು ಇನ್ನೂ ದೊಡ್ಡ ರಕ್ಷಣೆಯಲ್ಲವೇ ಎಂದು ಸ್ಕಾಟಸ್ ಆ ಗಂಟನ್ನು ಬಿಡಿಸಿದರು. ಅವರ ಸಾವಿನ ಐದೂವರೆ ಶತಮಾನಗಳ ನಂತರ, 1854ರಲ್ಲಿ, ಪೋಪ್ ಒಂಬತ್ತನೇ ಪಯಸ್ ಇದನ್ನು ಚರ್ಚಿನ ಅಧಿಕೃತ ಸಿದ್ಧಾಂತವೆಂದು ಘೋಷಿಸಿದರು. ಅವರ ವಾದಗಳಲ್ಲಿ ಅತಿ ಹೆಚ್ಚು ಜನರನ್ನು ತಲುಪಿದ್ದು ಇದೇ. ಆದರೆ ಇದಕ್ಕೆ ಅವರ ಹೆಸರಿಲ್ಲ.

ಹೆಸರು ಕೆಟ್ಟದ್ದು ಹೇಗೆ?

ಸ್ಕಾಟಸ್ ತೀರಿಕೊಂಡ ಮೇಲೆ ಅವರ ಅನುಯಾಯಿಗಳು 'ಸ್ಕಾಟಿಸ್ಟರು' ಎಂದೂ, ಇಂಗ್ಲೆಂಡಿನಲ್ಲಿ 'ಡನ್ಸ್‌ಮನ್' ಎಂದೂ ಹೆಸರಾದರು. ಎರಡು ಶತಮಾನಗಳ ಕಾಲ ವಿಶ್ವವಿದ್ಯಾಲಯಗಳಲ್ಲಿ ಅವರದು ಗಟ್ಟಿ ಪಂಥ. 16ನೇ ಶತಮಾನದ ಹೊತ್ತಿಗೆ ಗಾಳಿ ಬದಲಾಯಿತು. ಗ್ರೀಕ್ ಮತ್ತು ಹೀಬ್ರೂ ಮೂಲಗಳನ್ನೇ ಓದಬೇಕು, ಲ್ಯಾಟಿನ್ ಶೈಲಿ ಸೊಗಸಾಗಿರಬೇಕು ಎನ್ನುವ ಹೊಸ ವಿದ್ವಾಂಸರು ಒಂದು ಕಡೆ. ಪೋಪರ ಅಧಿಕಾರವನ್ನೇ ತಿರಸ್ಕರಿಸಿದ ಪ್ರೊಟೆಸ್ಟಂಟ್ ಸುಧಾರಕರು ಇನ್ನೊಂದು ಕಡೆ. ಇಬ್ಬರಿಗೂ ಡನ್ಸ್‌ಮನ್‌ಗಳು ಬೇಡವಾದರು. ಹೊಸ ವಿದ್ಯೆಗೆ ಬಾಗಿಲು ಮುಚ್ಚಿ, ಕೂದಲು ಸೀಳುವ ವಾದದಲ್ಲಿಯೇ ಮುಳುಗಿದವರು ಎಂಬ ಆಪಾದನೆ ಅವರ ಮೇಲೆ ಬಂತು. ಆಪಾದನೆಯಲ್ಲಿ ಹುರುಳೇ ಇರಲಿಲ್ಲವೆಂದು ಹೇಳಲಾಗದು. ಗುರುವಿನ ಸೂಕ್ಷ್ಮತೆ ಶಿಷ್ಯರ ಕೈಯಲ್ಲಿ ಬರೀ ಕಸರತ್ತಾಗುವುದು ಎಲ್ಲ ಪರಂಪರೆಗಳಲ್ಲಿಯೂ ಕಂಡದ್ದೇ.

ಈ ಕಥೆಯಲ್ಲಿ 1535ರ ಸೆಪ್ಟೆಂಬರ್ ಮುಖ್ಯವಾದದ್ದು. ದೊರೆ ಎಂಟನೇ ಹೆನ್ರಿ ರೋಮಿನೊಂದಿಗೆ ಸಂಬಂಧ ಕಡಿದುಕೊಂಡಿದ್ದ ಕಾಲ. ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಕಳುಹಿಸಿದ ತಪಾಸಣಾಧಿಕಾರಿ ರಿಚರ್ಡ್ ಲೇಟನ್ ಆಕ್ಸ್‌ಫರ್ಡ್‌ಗೆ ಬಂದು ಪಠ್ಯಕ್ರಮವನ್ನೇ ಬದಲಿಸಿದ. ಆತ ಕ್ರಾಮ್‌ವೆಲ್‌ಗೆ ಬರೆದ ವರದಿ ಪತ್ರ ಇಂದಿಗೂ ಉಳಿದಿದೆ. ಡನ್ಸನನ್ನು 'ಬೊಕಾರ್ಡೊ'ಗೆ ಹಾಕಿದ್ದೇವೆ, ಆಕ್ಸ್‌ಫರ್ಡ್‌ನಿಂದ ಶಾಶ್ವತವಾಗಿ ಓಡಿಸಿದ್ದೇವೆ ಎಂದು ಅದರಲ್ಲಿ ಬೀಗಿಕೊಂಡಿದ್ದಾನೆ. ಬೊಕಾರ್ಡೊ ಎನ್ನುವುದು ನಗರದ ಉತ್ತರ ದ್ವಾರದ ಬಳಿಯಿದ್ದ ಸೆರೆಮನೆಯ ಹೆಸರು. ಹಳೆಯ ತರ್ಕಶಾಸ್ತ್ರದಲ್ಲಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಿದ್ದ ಒಂದು ಅನುಮಾನ ಪ್ರಕಾರಕ್ಕೂ ಅದೇ ಹೆಸರು. ತಾರ್ಕಿಕನನ್ನು ತರ್ಕದ ಸೆರೆಗೇ ನೂಕಿದೆವು ಎಂಬ ಶ್ಲೇಷೆ ಓದಿದವರಿಗೆ ತಟ್ಟನೆ ಹೊಳೆದಿರಬೇಕು.

ಅದೇ ಪತ್ರದಲ್ಲಿ ಬರುವ ಇನ್ನೊಂದು ಚಿತ್ರ ಮರೆಯಲಾಗದ್ದು. ಎರಡನೇ ಬಾರಿ ನ್ಯೂ ಕಾಲೇಜಿಗೆ ಹೋದಾಗ ಅಂಗಳದ ತುಂಬ ಸ್ಕಾಟಸರ ಗ್ರಂಥಗಳ ಹಾಳೆಗಳು ಹರಡಿದ್ದವು. ಗಾಳಿ ಅವನ್ನು ಮೂಲೆಮೂಲೆಗೂ ಹಾರಿಸುತ್ತಿತ್ತು. ಪಕ್ಕದ ಬಕಿಂಗ್‌ಹ್ಯಾಮ್‌ಶೈರ್‌ನ ಒಬ್ಬ ಗೃಹಸ್ಥ ಅವನ್ನು ಆಯ್ದುಕೊಳ್ಳುತ್ತಿದ್ದ. ಓದಲಿಕ್ಕಲ್ಲ, ಬೇಟೆಯ ವೇಳೆ ಜಿಂಕೆಗಳು ಕಾಡಿನ ಅಂಚು ದಾಟದಂತೆ ಬೆದರಿಸಲು ತೂಗುಬಿಡುವುದಕ್ಕೆ. ನಮ್ಮಲ್ಲಿ ಹೊಲದ ಬದುವಿಗೆ ಹಕ್ಕಿ ಬೆದರಿಸಲು ಕಾಗದ, ಪ್ಲಾಸ್ಟಿಕ್ ಪಟ್ಟಿ ಕಟ್ಟುವ ಹಾಗೆ. ಅಚ್ಚುಯಂತ್ರ ಬಂದು ಒಂದು ಶತಮಾನವೂ ತುಂಬಿರದ ಕಾಲದಲ್ಲಿ ವಿಶ್ವವಿದ್ಯಾಲಯವೊಂದರ ಅತ್ಯಂತ ಬೆಲೆಯುಳ್ಳ ಗ್ರಂಥಗಳು ಹೀಗೆ ಬೆರ್ಚಪ್ಪನ ಪಾಲಾದವು.

ಇಲ್ಲೊಂದು ಉಪಕಥೆಯಿದೆ. ಇಪ್ಪತ್ತು ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ಮತ್ತೆ ಕ್ಯಾಥೊಲಿಕ್ ರಾಣಿ ಮೇರಿಯ ಆಳ್ವಿಕೆ ಬಂದಾಗ ಪ್ರೊಟೆಸ್ಟಂಟ್ ಮುಖಂಡರಾದ ಲ್ಯಾಟಿಮರ್, ರಿಡ್ಲಿ, ಕ್ರ್ಯಾನ್ಮರ್ ಅವರನ್ನು ಕೂಡಿಹಾಕಿದ್ದು ಅದೇ ಬೊಕಾರ್ಡೊ ಸೆರೆಮನೆಯಲ್ಲಿ. ಮೊದಲಿಬ್ಬರನ್ನು 1555ರಲ್ಲಿ, ಕ್ರ್ಯಾನ್ಮರ್ ಅವರನ್ನು 1556ರಲ್ಲಿ ಆಕ್ಸ್‌ಫರ್ಡ್‌ನಲ್ಲಿಯೇ ಜೀವಂತ ಸುಡಲಾಯಿತು. ಡನ್ಸನನ್ನು ಅಲ್ಲಿಗೆ ಕಳುಹಿಸಿದ್ದು ಮಾತಿನ ಚಮತ್ಕಾರವಷ್ಟೇ. ಇವರನ್ನು ಕಳುಹಿಸಿದ್ದು ಮಾತಲ್ಲ.

ಅಲ್ಲಿಂದ ಮುಂದೆ ಪದದ ಅರ್ಥ ಹಂತಹಂತವಾಗಿ ಇಳಿಯಿತು. ಮೊದಲು 'ಡನ್ಸ್' ಎಂದರೆ ಸ್ಕಾಟಸರ ಅನುಯಾಯಿ. ಆಮೇಲೆ ಬರೀ ವಿತಂಡವಾದಿ. ಅನಂತರ ಪುಸ್ತಕದ ಹುಳುವಾಗಿದ್ದೂ ಬುದ್ಧಿ ಬೆಳೆಯದವನು. ಕೊನೆಗೆ ಪುಸ್ತಕವನ್ನೇ ಓದಲಾರದವನು. ಅತಿ ಸೂಕ್ಷ್ಮ ಎಂಬ ದೂರಿನಿಂದ ಹೊರಟ ಪದ ನಿಂತದ್ದು ಸೂಕ್ಷ್ಮವೇ ಇಲ್ಲದವನ ಮೇಲೆ. ಅಲೆಕ್ಸಾಂಡರ್ ಪೋಪ್ 1728ರಲ್ಲಿ ತನ್ನ ಕಾಲದ ಕಳಪೆ ಬರಹಗಾರರನ್ನು ಗೇಲಿ ಮಾಡಿ 'ಡನ್ಸಿಯಾಡ್' ಬರೆಯುವ ಹೊತ್ತಿಗೆ ಓದುಗರಲ್ಲಿ ಬಹುಪಾಲು ಮಂದಿಗೆ ಸ್ಕಾಟಸರ ನೆನಪೇ ಇದ್ದಿರಲಾರದು.

ಟೋಪಿಯ ಕಥೆ

ಟೋಪಿಯ ಬಗ್ಗೆ ಒಂದು ಕಥೆ ಬಹಳ ಪ್ರಚಾರದಲ್ಲಿದೆ. ಚೂಪು ಟೋಪಿ ಧರಿಸಿದರೆ ಮೇಲಿನ ಜ್ಞಾನ ಲಾಳಿಕೆಯಲ್ಲಿ ಇಳಿದಂತೆ ತಲೆಗೆ ಇಳಿಯುತ್ತದೆ ಎಂದು ಸ್ಕಾಟಸರೇ ನಂಬಿದ್ದರು, ಶಿಷ್ಯರಿಗೂ ಅಂತಹ ಟೋಪಿ ಹಾಕಿಸುತ್ತಿದ್ದರು ಎಂಬುದು ಆ ಕಥೆ. ಕೇಳಲು ಸೊಗಸಾಗಿದೆ, ಆಧಾರ ಮಾತ್ರ ದೊರೆತಿಲ್ಲ. ಸ್ಕಾಟಸ್ ತೀರಿಕೊಂಡದ್ದು 1308ರಲ್ಲಿ. ಇಂಗ್ಲಿಷ್ ಸಾಹಿತ್ಯದಲ್ಲಿ ದಡ್ಡರನ್ನು ಕೂರಿಸುವ 'ಡನ್ಸ್ ಮೇಜು' ಕಾಣಿಸಿಕೊಳ್ಳುವುದು 1624ರ ನಾಟಕವೊಂದರಲ್ಲಿ. 'ಡನ್ಸ್ ಟೋಪಿ' ಎಂಬ ಮಾತು ಚಾರ್ಲ್ಸ್ ಡಿಕನ್ಸ್ ಅವರ 'ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್' ಕಾದಂಬರಿಯಲ್ಲಿ ಬರುವುದು 1840ರಲ್ಲಿ, ಎಂದರೆ ಐದು ಶತಮಾನಗಳ ತರುವಾಯ. ಅದರಲ್ಲಿ ಹಳ್ಳಿ ಶಾಲೆಯ ಮೇಷ್ಟರ ಕೊಠಡಿಯಲ್ಲಿ ಬೆತ್ತದ ಜೊತೆಗೆ ಹಳೆಯ ಪತ್ರಿಕೆಗಳ ಕಾಗದದಿಂದ ಮಾಡಿದ ಟೋಪಿಯೂ ಇರುತ್ತದೆ.

ಕರ್ನಾಟಕದ ಶಾಲೆಗಳಲ್ಲಿ ಕಾಗದದ ಟೋಪಿಯ ಪದ್ಧತಿ ಅಷ್ಟಾಗಿ ನೆಲೆಯೂರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸುವುದು, ಬಗ್ಗಿಸಿ ಕಿವಿ ಹಿಡಿಸುವುದು, 'ಕೊನೆಯ ಬೆಂಚಿನವರು' ಎಂದು ಕರೆಯುವುದು ಇಲ್ಲಿಯ ರೂಪಗಳು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆ ನೀಡುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಟೋಪಿಯಿರಲಿ, ಬೈಗುಳವೂ ಈಗ ಕಾನೂನಿನ ಲೆಕ್ಕಕ್ಕೆ ಬರಬಹುದು.

ಹೆಸರು ಕೆಟ್ಟ ಕಥೆಗೆ ನಮ್ಮಲ್ಲಿಯೇ ಒಂದು ಹಳೆಯ ಜೋಡಿಯುಂಟು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಿಂದಲೇ 'ದೇವಾನಾಂಪ್ರಿಯ' ಎಂಬ ಬಿರುದಿನ ದೊರೆ ಅಶೋಕನೇ ಎಂಬುದು ಖಚಿತವಾಯಿತು. ದೇವತೆಗಳಿಗೆ ಪ್ರಿಯನಾದವನು ಎಂಬುದು ಅದರ ಅರ್ಥ. ಆದರೆ ನಂತರದ ಸಂಸ್ಕೃತದಲ್ಲಿ ಅದೇ ಪದಕ್ಕೆ 'ಮೂರ್ಖ' ಎಂಬ ಅರ್ಥ ಅಂಟಿಕೊಂಡಿತು. 17ನೇ ಶತಮಾನದ ಭಟ್ಟೋಜಿ ದೀಕ್ಷಿತರ 'ಸಿದ್ಧಾಂತಕೌಮುದಿ'ಯಲ್ಲಿ ಆ ಅರ್ಥವೇ ಇದೆ. ಬೌದ್ಧರ ಮೇಲಿನ ಅಸಹನೆಯಿಂದ ಹೀಗಾಯಿತೆಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಮತ್ತೆ ಕೆಲವರು ಒಪ್ಪುವುದಿಲ್ಲ. ಡನ್ಸ್ ವಿಷಯದಲ್ಲಿ ಆ ಅನುಮಾನವಿಲ್ಲ. ಯಾರು, ಯಾವಾಗ, ಏಕೆ ಬೈದರು ಎಂಬುದಕ್ಕೆ ಕಾಗದಪತ್ರಗಳೇ ಇವೆ.

ತರ್ಕಕ್ಕೂ ಗಣಿತಕ್ಕೂ ಸಂದ ಹೆಸರು

ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ಲುಕಾಸಿಯೆವಿಚ್ 20ನೇ ಶತಮಾನದಲ್ಲಿ ಒಂದು ನಿಯಮಕ್ಕೆ 'ಡನ್ಸ್ ಸ್ಕಾಟಸ್ ನಿಯಮ' ಎಂದು ಹೆಸರಿಟ್ಟರು. ಪರಸ್ಪರ ವಿರುದ್ಧವಾದ ಎರಡು ಮಾತುಗಳನ್ನು ಒಟ್ಟಿಗೆ ಒಪ್ಪಿಕೊಂಡರೆ ಏನನ್ನು ಬೇಕಾದರೂ ಸಾಧಿಸಬಹುದು ಎಂಬುದು ಅದರ ತಿರುಳು. 'ಮಳೆ ಬರುತ್ತಿದೆ' ಮತ್ತು 'ಮಳೆ ಬರುತ್ತಿಲ್ಲ' ಎರಡೂ ನಿಜವೆಂದು ಇಟ್ಟುಕೊಳ್ಳೋಣ. ಮಳೆ ಬರುತ್ತಿದೆ ಎಂದಾದರೆ, 'ಮಳೆ ಬರುತ್ತಿದೆ ಇಲ್ಲವೇ ವಿಧಾನಸೌಧ ಚಿನ್ನದ್ದು' ಎಂಬ ಮಾತೂ ನಿಜವೇ. ಎರಡರಲ್ಲಿ ಒಂದು ನಿಜವಾದರೆ ಸಾಕಲ್ಲ. ಆದರೆ ಮಳೆ ಬರುತ್ತಿಲ್ಲ ಎಂದೂ ಒಪ್ಪಿದ್ದೇವೆ. ಮೊದಲ ಭಾಗ ಬಿದ್ದುಹೋಯಿತು. ಉಳಿದದ್ದು: ವಿಧಾನಸೌಧ ಚಿನ್ನದ್ದು. ಸಿದ್ಧಾಂತವೊಂದರಲ್ಲಿ ಸಣ್ಣ ವಿರೋಧಾಭಾಸ ನುಸುಳಿದರೂ ಇಡೀ ಕಟ್ಟಡವೇ ಕುಸಿಯುತ್ತದೆ ಎಂದು ಗಣಿತಜ್ಞರು ಹೆದರುವುದು ಇದಕ್ಕಾಗಿಯೇ.

ಹೆಸರೇನೋ ಗೌರವದ್ದು. ಆದರೆ ಈ ವಾದ ಇದ್ದದ್ದು ಅರಿಸ್ಟಾಟಲನ ಗ್ರಂಥವೊಂದರ ಮೇಲಿನ ವ್ಯಾಖ್ಯಾನದಲ್ಲಿ. ಐರಿಷ್ ಫ್ರಾನ್ಸಿಸ್ಕನ್ ಲೂಕ್ ವಾಡಿಂಗ್ 1639ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಅಚ್ಚು ಹಾಕಿಸಿದ ಸ್ಕಾಟಸರ ಸಮಗ್ರ ಕೃತಿಗಳಲ್ಲಿ ಅದೂ ಸೇರಿತ್ತು. ಅದು ಸ್ಕಾಟಸರದ್ದಲ್ಲ, ಮತ್ತಾರೋ ಬರೆದದ್ದು ಎಂದು ಬಳಿಕ ತಿಳಿದುಬಂತು. ಆ ಅಜ್ಞಾತ ಲೇಖಕನನ್ನು ಈಗ ವಿದ್ವಾಂಸರು 'ಹುಸಿ ಸ್ಕಾಟಸ್' ಎಂದು ಕರೆಯುತ್ತಾರೆ.

ಇದೇ ಗೊಂದಲ ಮತ್ತೊಬ್ಬ ದೊಡ್ಡವರನ್ನೂ ಕಾಡಿತು. ಜರ್ಮನಿಯ ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗ್ಗರ್ 1915ರಲ್ಲಿ ಬೋಧನಾರ್ಹತೆಗಾಗಿ ಬರೆದ ಪ್ರೌಢಪ್ರಬಂಧದ ವಿಷಯ ಡನ್ಸ್ ಸ್ಕಾಟಸರ ಪದಾರ್ಥ ಮತ್ತು ಅರ್ಥ ಸಿದ್ಧಾಂತ. ಅದರಲ್ಲಿ ಅವರು ಆಧಾರವಾಗಿಟ್ಟುಕೊಂಡ ವ್ಯಾಕರಣ ಗ್ರಂಥ ನಿಜವಾಗಿ ಥಾಮಸ್ ಆಫ್ ಎರ್ಫರ್ಟ್ ಎಂಬವರದ್ದು ಎಂದು 1922ರಲ್ಲಿ ಮಾರ್ಟಿನ್ ಗ್ರಾಬ್‌ಮನ್ ತೋರಿಸಿಕೊಟ್ಟರು. ಆಗಲೇ ಪ್ರಬಂಧ ಮುದ್ರಣವಾಗಿ ಆರು ವರ್ಷ ಕಳೆದಿತ್ತು.

ಗಣಿತದಲ್ಲಿ ಹೆಸರು ಬಂದದ್ದು ಟೋಪಿಯ ಮೂಲಕ. ಬ್ರಿಟಿಷ್ ಗಣಿತಜ್ಞ ಕ್ರಿಸ್ಟೋಫರ್ ಜೀಮನ್ 1960ರ ದಶಕದಲ್ಲಿ 'ಡನ್ಸ್ ಹ್ಯಾಟ್' ಎಂಬ ಆಕೃತಿಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ತ್ರಿಕೋನಾಕಾರದ ಹಾಳೆಯೊಂದರ ಎರಡು ಬದಿಗಳನ್ನು ಅಂಟಿಸಿದರೆ ಶಂಕುವಿನಾಕಾರದ ಟೋಪಿಯಾಗುತ್ತದೆ. ಆ ಟೋಪಿಯ ಬಾಯಂಚನ್ನು ತಂದು ಅದೇ ಹೊಲಿಗೆಯ ಗೆರೆಯುದ್ದಕ್ಕೂ ಮತ್ತೆ ಅಂಟಿಸಬೇಕು. ಕಾಗದದಲ್ಲಿ ಮಾಡಲು ಹೊರಟರೆ ಕೈ ಸೋಲುತ್ತದೆ, ಮನಸ್ಸಿನಲ್ಲಿಯೇ ಮಾಡಿಕೊಳ್ಳಬೇಕು. ಹಿಗ್ಗಿಸಿ ಕುಗ್ಗಿಸಿ ಒಂದು ಬಿಂದುವಿಗೆ ಇಳಿಸಬಹುದಾದ ಆಕೃತಿ ಇದು. ಆದರೆ ಅಂಚಿನಿಂದ ಚೂರುಚೂರಾಗಿ ಮಡಿಸಿ ತೆಗೆಯುತ್ತ ಇಳಿಸೋಣವೆಂದರೆ ಹಿಡಿಯಲು ಬಿಡಿಯಾದ ಅಂಚೇ ಸಿಗದು. ಈ ಆಕೃತಿಯ ಸುತ್ತ ಜೀಮನ್ ಮಂಡಿಸಿದ ಊಹೆ ನಿಜವಾದರೆ ಗಣಿತದ ಪ್ರಸಿದ್ಧ ಪ್ವಾಂಕಾರೆ ಸಮಸ್ಯೆಯೂ ಬಗೆಹರಿಯುತ್ತಿತ್ತು. ಆ ಸಮಸ್ಯೆಯನ್ನು ರಷ್ಯಾದ ಗ್ರಿಗೊರಿ ಪೆರೆಲ್ಮನ್ 2002-03ರಲ್ಲಿ ಬೇರೆಯೇ ದಾರಿಯಿಂದ ಬಿಡಿಸಿದರು. ದಡ್ಡರ ಟೋಪಿ ಘಟಾನುಘಟಿ ಗಣಿತಜ್ಞರ ತಲೆಗೇ ಏರಿದ ಕಥೆಯೆಂದು ಇದನ್ನು ಹೇಳಬಹುದು.

ಕಾದಂಬರಿಯ ವಿಷಯವನ್ನು ಇಲ್ಲಿಯೇ ಮುಗಿಸುವುದಾದರೆ, ಅಮೆರಿಕದ ಜಾನ್ ಕೆನೆಡಿ ಟೂಲ್ ಅವರ 'ಎ ಕಾನ್ಫೆಡರಸಿ ಆಫ್ ಡನ್ಸಸ್' ಪ್ರಕಾಶಕರಿಂದ ತಿರಸ್ಕೃತವಾಗಿ, ಲೇಖಕ 1969ರಲ್ಲಿ ತೀರಿಕೊಂಡ ಮೇಲೆ ತಾಯಿಯ ಛಲದಿಂದ 1980ರಲ್ಲಿ ಪ್ರಕಟವಾಯಿತು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅದರ ನಾಯಕ ಮಧ್ಯಯುಗದ ತತ್ತ್ವಜ್ಞಾನಕ್ಕೆ ಮಾರುಹೋದ ಒಬ್ಬ ವಿಚಿತ್ರ ಮನುಷ್ಯ.

ಶಾಲೆ, ಪ್ರತಿಮೆ, ಸಮಾಧಿ

ದಡ್ಡ ಎಂಬರ್ಥದ ಹೆಸರನ್ನು ಶಾಲೆಗೆ ಇಡುವವರು ಯಾರು? ಕ್ಯಾಥೊಲಿಕರು ಇಟ್ಟಿದ್ದಾರೆ, ಆದರೆ ಎಚ್ಚರದಿಂದ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಕೊಲಂಬಸ್ ಪಟ್ಟಣದಲ್ಲಿ 'ಸ್ಕಾಟಸ್ ಸೆಂಟ್ರಲ್ ಕ್ಯಾಥೊಲಿಕ್' ಪ್ರೌಢಶಾಲೆಯಿದೆ. 'ಡನ್ಸ್' ಅನ್ನು ಬಿಟ್ಟು 'ಸ್ಕಾಟಸ್' ಅನ್ನಷ್ಟೇ ಉಳಿಸಿಕೊಳ್ಳಲಾಗಿದೆ. ಆ ಶಾಲೆಯ ಕ್ರೀಡಾ ತಂಡಗಳ ಹೆಸರು 'ಶ್ಯಾಮ್‌ರಾಕ್ಸ್', ಅಂದರೆ ಐರ್ಲೆಂಡಿನ ಲಾಂಛನವಾದ ಮೂರೆಲೆಯ ಸೊಪ್ಪು. 17ನೇ ಶತಮಾನದ ಐರಿಷ್ ಸಂನ್ಯಾಸಿಗಳು ಕೇಳಿದ್ದರೆ ಹಿಗ್ಗುತ್ತಿದ್ದರೇನೋ. ಸ್ಕಾಟ್ಲೆಂಡಿನ ಗ್ಲಾಸ್ಗೊ ಬಳಿ 1993ರಲ್ಲಿ ಆರಂಭವಾದ ಗುರು ತರಬೇತಿ ಸಂಸ್ಥೆಗೂ 'ಸ್ಕಾಟಸ್ ಕಾಲೇಜ್' ಎಂದೇ ಹೆಸರಿತ್ತು. 2009ರಲ್ಲಿ ಅದು ಮುಚ್ಚಿತು. ಪೂರ್ತಿ ಹೆಸರನ್ನೇ ಧೈರ್ಯವಾಗಿ ಇಟ್ಟುಕೊಂಡದ್ದು ಮಿಷಿಗನ್ ರಾಜ್ಯದ ಸೌತ್‌ಫೀಲ್ಡ್‌ನಲ್ಲಿ 1930ರಲ್ಲಿ ಫ್ರಾನ್ಸಿಸ್ಕನರು ತೆರೆದ 'ಡನ್ಸ್ ಸ್ಕಾಟಸ್ ಕಾಲೇಜ್'. ಅದೂ ಈಗಿಲ್ಲ. ಕಟ್ಟಡ ಸಮುಚ್ಚಯ ಬೇರೊಂದು ಕ್ರೈಸ್ತ ಪಂಥದ ಕೈಸೇರಿದೆ.

ಡನ್ಸ್ ಪಟ್ಟಣದ ಉದ್ಯಾನದಲ್ಲಿ 1966ರಲ್ಲಿ, ಏಳುನೂರನೇ ಜನ್ಮವರ್ಷದ ನೆಪದಲ್ಲಿ, ಅವರ ಪ್ರತಿಮೆ ನಿಂತಿತು. ಆದರೆ ಅಲ್ಲಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ವಿಚಾರಿಸುವುದು 1963 ಮತ್ತು 1965ರ ಫಾರ್ಮುಲಾ ಒನ್ ಚಾಂಪಿಯನ್ ಜಿಮ್ ಕ್ಲಾರ್ಕ್ ಅವರ ವಸ್ತುಸಂಗ್ರಹಾಲಯವನ್ನು. ಕಲೋನ್‌ನ ಫ್ರಾನ್ಸಿಸ್ಕನ್ ಚರ್ಚಿನಲ್ಲಿರುವ ಸಮಾಧಿಯ ಮೇಲೆ ಹುಟ್ಟಿಸಿದ, ಬರಮಾಡಿಕೊಂಡ, ಕಲಿಸಿದ, ಇಟ್ಟುಕೊಂಡ ನಾಲ್ಕು ನಾಡುಗಳನ್ನು ಹೆಸರಿಸುವ ಲ್ಯಾಟಿನ್ ಬರಹವಿದೆ. ಅವರನ್ನು ಮೂರ್ಛೆಯಲ್ಲಿದ್ದಾಗಲೇ ಜೀವಂತ ಹೂಳಲಾಯಿತೆಂಬ ದಂತಕಥೆಯೂ ಇದೆ. ಫ್ರಾನ್ಸಿಸ್ ಬೇಕನ್‌ರಂತಹವರೂ ಅದನ್ನು ದಾಖಲಿಸಿದ್ದಾರೆ. ಹೆಸರು ಕೆಡಿಸಿದವರು ಸಾವನ್ನೂ ಬಿಡಲಿಲ್ಲ ಎನ್ನಬೇಕು.

ಪೋಪ್ ಎರಡನೇ ಜಾನ್ ಪಾಲ್ 1993ರ ಮಾರ್ಚ್ 20ರಂದು ಸ್ಕಾಟಸರಿಗೆ ಸಂತಪದವಿಗೆ ಮೊದಲಿನ ಮೆಟ್ಟಿಲಾದ 'ಬ್ಲೆಸ್ಡ್' ಗೌರವವನ್ನು ಅಧಿಕೃತಗೊಳಿಸಿದರು. ಅಷ್ಟರಲ್ಲಿ ಅವರ ಬರಹಗಳನ್ನು ಹುಸಿ ಸ್ಕಾಟಸರ ಬರಹಗಳಿಂದ ಬೇರ್ಪಡಿಸುವ ಕೆಲಸವೂ ಬಹುದೂರ ಸಾಗಿತ್ತು. ಯುರೋಪಿನ ಗ್ರಂಥಾಲಯಗಳಲ್ಲಿ ಚದುರಿದ್ದ ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠ ಸಿದ್ಧಪಡಿಸಲು ನೇಮಕವಾದ ವಿದ್ವಾಂಸರ ಮಂಡಳಿ ಮೊದಲ ಸಂಪುಟವನ್ನು ಹೊರತಂದದ್ದು 1950ರಲ್ಲಿ. ಅವರು ಅರೆಬರೆಯಾಗಿ ಬಿಟ್ಟುಹೋದ 'ಒರ್ಡಿನಾಶಿಯೊ' ಎಂಬ ಬೃಹದ್ಗ್ರಂಥದ ಹದಿನಾಲ್ಕನೆಯ ಹಾಗೂ ಕೊನೆಯ ಸಂಪುಟ ಅಚ್ಚಾಗಿ ಬಂದದ್ದು 2013ರಲ್ಲಿ.